ರಿಕಜ್ಜಿಯ ಭಾನುವಾರ

ನ್ಯೂಯಾರ್ಕಿನ ನದಿಯಾಚೆಯ ಹೋಬೋಕನ್‌ನಲ್ಲಿ ನಾವಿದ್ದ ಬಾಡಿಗೆ ಮನೆಯ ಒಡತಿಯ ಹೆಸರು ಹೆಂಡ್ರಿಕಾ ವೇನ್‌ಸ್ಟ್ರಾ. ಹಾಲೆಂಡಿನವಳು, ಎಪ್ಪತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಕೆಳಗಿನ ಅಂತಸ್ತಿನಲ್ಲಿ ಅವಳು, ಮೇಲೆ ನಾವು. ಬೀದಿಯವರು ರಿಕಾ ಅನ್ನುತ್ತಿದ್ದರು. ನಾನು ಎದುರಿಗೆ ಮಿಸೆಸ್ ವೇನ್‌ಸ್ಟ್ರಾ ಅನ್ನುತ್ತಿದ್ದೆ, ಬೆನ್ನ ಹಿಂದೆ ರಿಕಜ್ಜಿ. ಅವಳ ಕಥೆಯನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ಅವಳದ್ದು ಹೇಳಲು ಹೊರಟರೆ ನನ್ನದೂ ಹೇಳಬೇಕಾಗುತ್ತದೆ, ಅದಕ್ಕೇ.

ನಾವು ಆ ಮನೆಗೆ ಬಂದದ್ದು ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ. ನನ್ನ ಗಂಡ ಬದರಿ ಮ್ಯಾನ್‌ಹಟನ್‌ನ ಬ್ಯಾಂಕೊಂದರಲ್ಲಿ ವೈಟೂಕೆ ಕೆಲಸಕ್ಕಿದ್ದರು, ಎರಡು ಸಾವಿರದ ಇಸವಿ ಹುಟ್ಟುವ ಮೊದಲು ಕಂಪ್ಯೂಟರುಗಳ ತಾರೀಖು ಸರಿಪಡಿಸುವುದು. ಬೆಳಿಗ್ಗೆ ಏಳಕ್ಕೆ ಟ್ರೇನು ಹತ್ತಿದರೆ ಕತ್ತಲಾದ ಮೇಲೇ ಮನೆ. ನಾನು ಅವರ ವೀಸಾದ ಬಾಲ ಹಿಡಿದು ಬಂದವಳು, ಕಾನೂನಿನ ಪ್ರಕಾರ ದುಡಿಯುವ ಹಾಗಿಲ್ಲ. ಮೈಸೂರಿನಲ್ಲಿ ಆರು ವರ್ಷ ಹೈಸ್ಕೂಲು ಮಕ್ಕಳನ್ನು ಗಣಿತದಲ್ಲಿ ನಡುಗಿಸಿದ ನಳಿನಾಕ್ಷಿ ಮೇಡಂ ಇಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಮೊದಲನೆಯ ಭಾನುವಾರವೇ ಜಗಳವಾಯಿತು. ಬಟ್ಟೆ ಒಗೆದು ಅಡುಗೆಮನೆಯ ಕಿಟಕಿಯಾಚೆ ಹಿತ್ತಲಿನ ಹಗ್ಗಕ್ಕೆ ಹಾಕಿದೆ. ಹತ್ತು ನಿಮಿಷವಾಗಿಲ್ಲ, ಬಾಗಿಲು ದಬದಬ. ರಿಕಜ್ಜಿ ಚರ್ಚಿಗೆ ಹೊರಟ ಕಪ್ಪು ಕೋಟಿನಲ್ಲೇ ಮೆಟ್ಟಿಲು ಹತ್ತಿ ಬಂದಿದ್ದಳು, ಏದುಸಿರು ಬಿಡುತ್ತ. ಭಾನುವಾರ ಹಗ್ಗದ ಮೇಲೆ ಬಟ್ಟೆ ಕೂಡದು, ಕರಾರಿನಲ್ಲಿ ಬರೆದಿದೆ, ಈಗಲೇ ತೆಗೆಯಬೇಕು ಅಂದಳು. ನಮ್ಮ ದೇವರು ಹಾಗೇನೂ ಅಪ್ಪಣೆ ಕೊಡಿಸಿಲ್ಲ ಅಂತ ನಾನೂ ಅಂದೆ. ನಿನ್ನ ದೇವರ ಸುದ್ದಿ ನನಗೆ ಬೇಡ, ಬಟ್ಟೆ ತೆಗೆ ಅಂದಳು. ನಮ್ಮಜ್ಜಿಯ ಮಡಿ ತಪ್ಪಿಸಿಕೊಂಡು ಏಳು ಸಮುದ್ರ ದಾಟಿ ಬಂದರೆ ಇಲ್ಲೊಬ್ಬಳು ಕೂತಿದ್ದಾಳಲ್ಲಪ್ಪಾ ಎಂದು ಕನ್ನಡದಲ್ಲಿ ಗೊಣಗುತ್ತ ಬಟ್ಟೆ ಎಳೆದುಕೊಂಡೆ. ಕೊನೆಯ ಬಟ್ಟೆ ಒಳಗೆ ಬರುವ ತನಕ ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ಮುದುಕಿಯ ಹಟ ಅಂದುಕೊಂಡೆ.

ಜನವರಿಯ ಹಿಮದಲ್ಲಿ ಅವಳ ಎದೆ ಕಟ್ಟಿತು. ಹೃದಯ ದುರ್ಬಲವಾಗಿದೆ, ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದರಂತೆ. ಜಗಳ ಜಗಳದ ಪಾಡಿಗೆ ಇರಲಿ, ಕೆಳಗೊಂದು ಜೀವ ಕೆಮ್ಮುತ್ತ ಬಿದ್ದಿರುವಾಗ ಮೇಲೆ ಕೂತು ಉಣ್ಣುವುದು ಹೇಗೆ? ಒಂದು ಲೋಟ ಮೆಣಸಿನ ಸಾರು ತೆಗೆದುಕೊಂಡು ಹೋದೆ. ಕಣ್ಣಲ್ಲಿ ನೀರು ಸುರಿಸಿಕೊಂಡು ಕುಡಿದಳು, ನಾಳೆಯೂ ತಾ ಅಂದಳು. ಅಲ್ಲಿಂದ ಮಧ್ಯಾಹ್ನದ ಊಟ ಅವಳ ಮೇಜಿನಲ್ಲೇ ಆಗತೊಡಗಿತು. ಅವಳದೊಂದು ಪದ್ಧತಿ ಇತ್ತು. ಉಂಡಾದ ಮೇಲೆ ಬೈಬಲಿನ ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಾಳೆ. ಓದು ಮುಗಿಯುವ ತನಕ ಯಾರೂ ಏಳಕೂಡದು. ಡಚ್ ಭಾಷೆ, ನನಗೆ ಒಂದಕ್ಷರ ತಿಳಿಯದು, ಆದರೂ ಎಂಜಲು ಕೈ ಒಣಗಿಸಿಕೊಂಡು ಕೂತಿರುತ್ತಿದ್ದೆ.

ಅವಳ ಬಾಳು ದೊಡ್ಡದೇನಲ್ಲ. ಹಾಲೆಂಡಿನ ಉತ್ತರದ ಒಂದು ಹಳ್ಳಿಯಲ್ಲಿ ಹುಟ್ಟಿದ್ದು. ಅಪ್ಪ ಬಡಗಿ, ಊರ ಚರ್ಚಿನ ಹಿರಿಯರಲ್ಲಿ ಒಬ್ಬ. ಐವತ್ತಮೂರರಲ್ಲಿ ಗಂಡನ ಜೊತೆ ಹಡಗು ಹತ್ತಿದಳು, ಹಡಗು ನಿಂತದ್ದು ಹೋಬೋಕನ್‌ನ ದಡದಲ್ಲಿ, ಇಳಿದವಳು ಅಲ್ಲೇ ಉಳಿದಳು. ಗಂಡ ಬಂದರಿನಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ, ಅವಳು ಕಾಫಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಡಬ್ಬ ಮುಚ್ಚಿದಳು. ಕಾರ್ಖಾನೆ ಹೋಯಿತು, ಗಂಡ ಹೋದ, ಬಂದರಿನ ಜಾಗದಲ್ಲಿ ನಮ್ಮಂಥ ಕಂಪ್ಯೂಟರಿನವರಿಗೆ ಅಪಾರ್ಟ್‌ಮೆಂಟುಗಳೆದ್ದವು. ಉಳಿದದ್ದು ಆ ಮನೆ, ಒಂದು ಪುಟ್ಟ ಚರ್ಚು, ಭಾನುವಾರ.

ಆ ಚರ್ಚಿಗೆ ಎಪ್ಪತ್ತೈದು ವರ್ಷ ತುಂಬಿತೆಂದು ಬದರಿ ಒಂದು ವೆಬ್‌ಸೈಟ್ ಮಾಡಿಕೊಟ್ಟರು. ಆಗ ಎಲ್ಲರಿಗೂ ಅದೇ ಹುಚ್ಚು, ಇಡ್ಲಿ ಅಂಗಡಿಗೂ ವೆಬ್‌ಸೈಟು. ಹಳೆಯ ಸದಸ್ಯರ ಪುಟದಲ್ಲಿ ರಿಕಜ್ಜಿಯ ಫೋಟೋ, ಊರಿನ ಹೆಸರು, ಅಪ್ಪನ ಹೆಸರು ಹಾಕಿದೆವು. ಅವಳಿಗೆ ಕಂಪ್ಯೂಟರ್ ಇಲ್ಲವೆಂದು ಸಂಪರ್ಕಕ್ಕೆ ನನ್ನ ಈಮೇಲ್ ಕೊಟ್ಟೆವು. ಫೆಬ್ರವರಿ ಕೊನೆಯಲ್ಲಿ ಅದಕ್ಕೊಂದು ಪತ್ರ ಬಂತು. ಬರೆದವರು ನ್ಯೂಯಾರ್ಕಿನ ಕ್ವೀನ್ಸ್‌ನ ಬೆನ್ನೋ ಸ್ಪೈಯರ್, ಅರವತ್ತೆರಡು ವರ್ಷದ ಯೆಹೂದಿ, ಕನ್ನಡಕದ ಅಂಗಡಿ ಇಟ್ಟು ನಿವೃತ್ತರಾದವರು. ಪ್ರಿಂಟ್ ತೆಗೆದು ಕೆಳಗೆ ಹೋಗಿ ಓದಿದೆ.

ಯುದ್ಧದಲ್ಲಿ ಜರ್ಮನರು ಯೆಹೂದಿಗಳನ್ನು ಮನೆಮನೆ ಹುಡುಕಿ ಎಳೆದೊಯ್ಯುತ್ತಿದ್ದಾಗ ರಿಕಜ್ಜಿಯ ಅಪ್ಪ ಬೆನ್ನೋ ಅವರ ತಾಯಿ ಸೆಲ್ಮಾಳನ್ನು ಒಂಬತ್ತು ತಿಂಗಳು ತನ್ನ ಮನೆಯಲ್ಲಿ ಬಚ್ಚಿಟ್ಟಿದ್ದನಂತೆ. ಬೆನ್ನೋ ಆಗ ಆರು ವರ್ಷದ ಕೂಸು, ಅವರನ್ನು ಬೇರೊಂದು ಹಳ್ಳಿಯಲ್ಲಿ ಇಟ್ಟಿದ್ದರು. ತಾಯಿ ಸಿಕ್ಕಿಬಿದ್ದಳು, ತಿರುಗಿ ಬರಲಿಲ್ಲ. ಅಂಥ ಮನೆತನಗಳಿಗೆ ಇಸ್ರೇಲಿನಲ್ಲಿ ಗೌರವ ಸಲ್ಲಿಸುತ್ತಾರೆ, ನಿಮ್ಮ ತಂದೆತಾಯಿಯ ಹೆಸರು ಕಳಿಸಬೇಕೆಂದಿದ್ದೇನೆ, ನಿಮ್ಮ ಹೇಳಿಕೆ ಬೇಕು ಎಂದು ಕೇಳಿದ್ದರು. ಕೊನೆಯಲ್ಲಿ ಇನ್ನೊಂದು ಮಾತಿತ್ತು. "ನನ್ನ ತಾಯಿ ಒಂದು ಭಾನುವಾರ ಬಟ್ಟೆ ಒಗೆದು ಹೊರಗೆ ಹಾಕಿ ಸಿಕ್ಕಿಬಿದ್ದಳೆಂದು ಯುದ್ಧ ಮುಗಿದ ಮೇಲೆ ನಿಮ್ಮ ತಂದೆಯೇ ನನಗೆ ಹೇಳಿದರು. ಅಷ್ಟು ಒಳ್ಳೆಯ ಜನ ಪ್ರಾಣ ಪಣಕ್ಕಿಟ್ಟು ಕಾಯುತ್ತಿದ್ದಾಗ ಒಂದು ಬಟ್ಟೆಗಾಗಿ ನನ್ನನ್ನು ತಬ್ಬಲಿ ಮಾಡಿ ಹೋದ ಆಕೆಯನ್ನು ಕ್ಷಮಿಸಲು ನನಗೆ ಇವತ್ತಿಗೂ ಆಗಿಲ್ಲ."

ರಿಕಜ್ಜಿ ಆ ಸಾಲನ್ನು ಇನ್ನೊಮ್ಮೆ ಓದು ಅಂದಳು. ಓದಿದೆ. ಮತ್ತೂ ಒಮ್ಮೆ ಅಂದಳು. ಅಪ್ಪ ಆ ಮಗುವಿಗೆ ಅದನ್ನು ಹೇಳಿದ್ದು ಅವಳಿಗೆ ಅಂದಿನ ತನಕ ಗೊತ್ತೇ ಇರಲಿಲ್ಲ. ಅವತ್ತು ಊಟ ಬಿಟ್ಟಳು. ಎರಡು ವಾರ ಮಾತೂ ಬಿಟ್ಟಳು. ಏನು ಬರೆಯಲಿ ಅಂತ ಕೇಳಿದರೆ ಗೋಡೆ ನೋಡುತ್ತಿದ್ದಳು. ಮಾರ್ಚ್ ಹನ್ನೊಂದು, ಶನಿವಾರ, ಬೈಬಲು ಓದಿ ಮುಚ್ಚಿದವಳು ಏಳಬೇಡ ಎಂದು ಕೈಸನ್ನೆ ಮಾಡಿ ಹೇಳತೊಡಗಿದಳು.

ಅವಳ ಅಪ್ಪ ಸೆಲ್ಮಾಳನ್ನು ಮನೆಯೊಳಗೆ ತಂದದ್ದು ಭಕ್ತಿಯಿಂದ. ಇವರು ದೇವರು ಆರಿಸಿಕೊಂಡ ಜನ, ಇವರಿಗೆ ಬಾಗಿಲು ಹಾಕಿದರೆ ದೇವರಿಗೇ ಹಾಕಿದ ಹಾಗೆ ಅನ್ನುತ್ತಿದ್ದನಂತೆ. ಹಗಲೆಲ್ಲ ಮರಗೆಲಸದ ಕೊಟ್ಟಿಗೆಯ ಅಟ್ಟದಲ್ಲಿ ಇರುವುದು, ಬಾಗಿಲು ಹಾಕಿದ ಮೇಲೆ ಇಳಿದು ಎಲ್ಲರೊಂದಿಗೆ ಉಣ್ಣುವುದು. ಊಟದ ನಂತರದ ಅಧ್ಯಾಯಕ್ಕೆ ಅವಳೂ ಕೂರುತ್ತಿದ್ದಳು. ಅದು ನಮ್ಮದೂ ಪುಸ್ತಕ ಎಂದು ಒಮ್ಮೆ ನಕ್ಕಿದ್ದಳಂತೆ. ಶನಿವಾರ ಯೆಹೂದಿಗಳಿಗೆ ಕೆಲಸ ಮಾಡಬಾರದ ದಿನ, ಅವಳು ಸೂಜಿ ಮುಟ್ಟುತ್ತಿರಲಿಲ್ಲ. ಭಾನುವಾರ ಇವರು ಮುಟ್ಟುತ್ತಿರಲಿಲ್ಲ. ಭಾನುವಾರವೆಂದರೆ ಆ ಊರಿನಲ್ಲಿ ಅಡುಗೆಯಿಲ್ಲ, ಹೆಣಿಗೆಯಿಲ್ಲ, ಸೈಕಲ್ ಇಲ್ಲ. ಎರಡು ಹೊತ್ತೂ ಇಡೀ ಊರು ಚರ್ಚಿನಲ್ಲಿ.

ರಿಕಾಗೆ ಆಗ ಹದಿನೈದು. ಸೋಮವಾರದಿಂದ ಪಟ್ಟಣದ ಡಾಕ್ಟರೊಬ್ಬರ ಮನೆಗೆ ಕೆಲಸಕ್ಕೆ ಹೋಗಬೇಕು. ಇದ್ದ ಒಂದೇ ಒಳ್ಳೆಯ ನೀಲಿ ಫ್ರಾಕಿಗೆ ಬೀಟ್‌ರೂಟಿನ ಕಲೆ. ಶನಿವಾರ ಒಗೆ ಎಂದು ತಾಯಿ ಹೇಳಿದ್ದಳು. ಇವಳು ಮರೆತಳು. ಭಾನುವಾರ ನೆನಪಾಯಿತು. ಒಗೆದರೆ ಪಾಪ, ಅಪ್ಪ ಬಿಡುವುದೂ ಇಲ್ಲ. ಚರ್ಚಿಗೆ ಹೊರಡುವ ಮೊದಲು ಅಟ್ಟ ಹತ್ತಿ ಸೆಲ್ಮಾಳ ಕೈಗೆ ಫ್ರಾಕು ಕೊಟ್ಟಳು.

"ನಿಮ್ಮ ದಿನ ನಿನ್ನೆಯೇ ಮುಗೀತಲ್ಲ, ನೀವು ಒಗೆದರೆ ಪಾಪ ಇಲ್ಲ ಅಂದೆ. ಅವಳು ಬೇಡ ಅಂದಳು. ನಾನು ಮುಖ ಊದಿಸಿಕೊಂಡೆ. ಹಿತ್ತಲಲ್ಲಿ ಗಾಳಿಗೆ ಹಾಕಿ, ಊರೆಲ್ಲ ಚರ್ಚಲ್ಲಿರುತ್ತೆ, ಯಾರು ನೋಡ್ತಾರೆ ಅಂದೆ. ನಮ್ಮ ಅನ್ನ ತಿನ್ನುತ್ತಿದ್ದವಳು, ನಳಿನಿ. ಎರಡನೇ ಸಲ ಬೇಡ ಅನ್ನೋಕೆ ಅವಳಿಗೆ ಬಾಯಿ ಎಲ್ಲಿಂದ ಬರಬೇಕು?"

ಅದೇ ಮಾತು ನಮ್ಮ ಮನೆಯಲ್ಲೂ ನಡೆಯುತ್ತಿತ್ತು. ಅಜ್ಜಿ ಮಡಿಯಲ್ಲಿದ್ದಾಗ ಮುಟ್ಟಬಾರದ್ದನ್ನೆಲ್ಲ ಕೆಲಸದ ನಂಜಿಯ ಕೈಲಿ ಮುಟ್ಟಿಸುತ್ತಿದ್ದರು, ನಿನಗೇನೇ ದೋಷ, ನೀನು ಎತ್ತಿಹಾಕು ಎಂದು. ಪುಣ್ಯವೆಲ್ಲ ನಮ್ಮ ಪಾಲಿಗೆ, ದೋಷವೆಲ್ಲ ನಂಜಿಯ ತಲೆಗೆ. ನಾನೂ ಹಾಗೆ ಕೂಗಿದವಳೇ.

ಆ ಭಾನುವಾರ ಚರ್ಚಿನಿಂದ ಮನೆಯವರೆಲ್ಲ ತಿರುಗಿ ಬರುವಾಗ ಪಕ್ಕದ ಮನೆಯ ಹೆಂಗಸು ಜೊತೆಗಿದ್ದಳು. ಹಿತ್ತಲಲ್ಲಿ ಒದ್ದೆ ಫ್ರಾಕು ಕಂಡಿತು. ಹೋಗುವಾಗ ಇರಲಿಲ್ಲ. ಅವಳು ಯೆಹೂದಿಗಳನ್ನು ಹಿಡಿದುಕೊಡುವ ಜಾತಿಯವಳಲ್ಲ. ಚರ್ಚಿನ ಹಿರಿಯನ ಮನೆಯಲ್ಲೇ ಭಾನುವಾರ ಬಟ್ಟೆ ಒಗೆದರು ಎಂಬ ಚಾಡಿಯಷ್ಟೇ ಅವಳಿಗೆ ಬೇಕಾಗಿದ್ದದ್ದು. ನಾಲ್ಕು ಬಾಯಿ ದಾಟುವಷ್ಟರಲ್ಲಿ ಒಬ್ಬನಿಗೆ ಹೊಳೆಯಿತು. ಮನೆಯವರೆಲ್ಲ ಚರ್ಚಿನಲ್ಲಿದ್ದರೆ ಒಗೆದವರು ಯಾರು? ಬುಧವಾರ ಪೊಲೀಸರು ಬಂದರು. ಸೆಲ್ಮಾಳನ್ನು ಕರೆದೊಯ್ದರು, ಅಪ್ಪನನ್ನೂ. ಅಪ್ಪ ಐದು ತಿಂಗಳ ಮೇಲೆ ಹಲ್ಲಿಲ್ಲದೆ ಬಂದ. ಮನೆ ಹುಡುಗಿಗೆ ಉಪಕಾರವಾಗಲೆಂದು ಅವಳೇ ಒಗೆದಳೇನೋ, ಪಾಪ, ನಮ್ಮ ದಿನ ಅವಳ ದಿನವಲ್ಲವಲ್ಲ ಎಂದು ಮಗಳ ಮುಖ ನೋಡಿದ. ಮಗಳು ಹೌದೆಂದು ತಲೆಯಾಡಿಸಿದಳು.

"ಅಪ್ಪ ಬದುಕಿನಲ್ಲಿ ಒಂದು ಸುಳ್ಳು ಹೇಳಲಿಲ್ಲ. ನನ್ನ ಸುಳ್ಳನ್ನು ಅವನ ಬಾಯಿಂದ ಆ ಮಗು ಕೇಳಿಸಿಕೊಂಡಿದೆ" ಅಂದಳು.

ಐವತ್ತಾರು ವರ್ಷ ಈ ಮುದುಕಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಡಬ್ಬ ಮುಚ್ಚಿದ್ದಳು, ಬಾಡಿಗೆ ಕರಾರಿನಲ್ಲಿ ಭಾನುವಾರ ಬಟ್ಟೆ ಕೂಡದೆಂದು ಬರೆಸಿದ್ದಳು. ನಾನು ಅದನ್ನು ಮಡಿಹುಚ್ಚು ಅಂದಿದ್ದೆ.

ಆಮೇಲೆ ಬರೆದುಕೋ ಅಂದಳು. ಅವಳು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ಬೆನ್ನೋ, ನಿನ್ನ ತಾಯಿ ತಾನಾಗಿ ಒಗೆಯಲಿಲ್ಲ. ಒಗೆಯಲು ಹೇಳಿದವಳು ನಾನು, ಹೊರಗೆ ಹಾಕಲು ಹೇಳಿದವಳೂ ನಾನು. ಅವಳು ಬೇಡ ಅಂದಳು. ನಾನು ಕೇಳಲಿಲ್ಲ. ಅಪ್ಪನಿಗೆ ಸುಳ್ಳು ಹೇಳಿದವಳು ನಾನು. ಅವಳ ಮೇಲಿನ ಸಿಟ್ಟನ್ನು ನನ್ನ ಮೇಲೆ ಹಾಕು. ಗೌರವದ ವಿಷಯ ನಿನಗೆ ಬಿಟ್ಟದ್ದು. ಒಂದು ಸಾಲು ಉತ್ತರ ಬರೆದರೆ ಸಾಕು, ಬೈಗುಳವಾದರೂ ಸರಿ." ಇವತ್ತೇ ಕಳಿಸು ಅಂದಳು. ಹೂಂ ಅಂದೆ.

ಮೇಲೆ ಬಂದು ಟೈಪ್ ಮಾಡಿದೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ಕೂತೇ ಇದ್ದೆ. ಆ ಮನುಷ್ಯನಿಗೆ ಉಳಿದದ್ದು ಒಂದೇ ಒಂದು ಒಳ್ಳೆಯ ನೆನಪು, ಈ ಮನೆಯವರದ್ದು. ಅದನ್ನೂ ಕಿತ್ತುಕೊಳ್ಳುವುದೇ? ಸಿಟ್ಟಿನಿಂದ ಅವರು ಉಗಿದು ಬರೆದರೆ ರಿಕಜ್ಜಿಯ ಹೃದಯ ತಡೆಯುತ್ತದೆಯೇ? ಕೇಳಿದವರಿಗೆ ನೋವಾಗುವ ಸತ್ಯ ಆಡಬಾರದೆಂದೇ ನನ್ನನ್ನು ಬೆಳೆಸಿದ್ದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಜನ ನಾವು. ಅಮ್ಮ ಸತ್ತ ಸುದ್ದಿಯನ್ನು ಬಸುರಿ ಅಕ್ಕನಿಂದ ಮೂರು ತಿಂಗಳು ಮುಚ್ಚಿಟ್ಟದ್ದನ್ನು ಎಲ್ಲರೂ ಜಾಣತನವೆಂದೇ ಹೊಗಳಿದ್ದರು. ಅಂಥದೇ ಜಾಣತನ ಇಲ್ಲೂ ನಡೆಯುತ್ತದೆ ಅಂದುಕೊಂಡೆ.

ಬದರಿ ಬಂದವರು ಪರದೆ ನೋಡಿ ಹೇಳಿದರು, "ಇದು ನಿನ್ ಲೆಟರ್ ಅಲ್ಲ ನಳಿನಿ. ಡಿಸೈಡ್ ಮಾಡೋಕೆ ನೀನ್ಯಾರು? ಸುಮ್ನೆ ಸೆಂಡ್ ಮಾಡು."

"ನಿಮಗೇನ್ರೀ, ಆಫೀಸಿಗೆ ಹೋಗ್ಬಿಡ್ತೀರಿ. ಅವರು ಬೈದು ಬರೆದ್ರೆ ಕೂತು ಓದಿ ಹೇಳ್ಬೇಕಾದವಳು ನಾನು" ಅಂದೆ. ನಿಜವಾದ ಕಾರಣ ಅದೇ ಇತ್ತು. ಉಳಿದದ್ದೆಲ್ಲ ಆಮೇಲೆ ಪೋಣಿಸಿಕೊಂಡದ್ದು.

ಮರುದಿನ ರಿಕಜ್ಜಿ ಕೇಳಿದಾಗ ಕಳಿಸಿದೆ ಅಂದೆ. ಅವಳ ಮುಖ ಹಗುರಾಯಿತು. ಅದನ್ನು ನೋಡಿ ನನಗೆ ಒಳ್ಳೆಯ ಕೆಲಸ ಮಾಡಿದ ಹಾಗೇ ಅನಿಸಿತ್ತು, ಥೂ. ಆ ಹಗುರ ನಾಲ್ಕೇ ದಿನ. ಐದನೆಯ ದಿನದಿಂದ ಅವಳು ನಾನು ಒಳಗೆ ಕಾಲಿಡುವ ಮೊದಲೇ ಬಂತೇ ಅಂತ ಕೇಳತೊಡಗಿದಳು. ಇಲ್ಲ ಅಂದೆ. ಮರುದಿನ ಮತ್ತೆ. ಇಲ್ಲ. ಕಂಪ್ಯೂಟರಿನಲ್ಲಿ ಕಾಗದ ಕಳೆದುಹೋಗುವುದುಂಟೇ ಎಂದು ಒಂದು ದಿನ ಕೇಳಿದಳು. ಇನ್ನೊಂದು ದಿನ, ಪಾಪ, ಯೋಚಿಸುತ್ತಿರುತ್ತಾನೆ, ಹೊತ್ತು ಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಕ್ಷಮೆಯೂ ಅಲ್ಲ, ಉತ್ತರ. ಅದನ್ನು ನಾನು ಕಂಡೆ. ಕಂಡ ಮೇಲೂ ಕಳಿಸಲಿಲ್ಲ. ಈಗ ಕಳಿಸಿದರೆ ಇಷ್ಟು ದಿನದ ಸುಳ್ಳು ಬಯಲಾಗುತ್ತದಲ್ಲ ಎಂಬ ಹೆದರಿಕೆ ಬೇರೆ ಸೇರಿಕೊಂಡಿತ್ತು. ಈ ನಡುವೆ ಬೆನ್ನೋ ಅವರೇ ಬರೆದರು, ಮಿಸೆಸ್ ವೇನ್‌ಸ್ಟ್ರಾ ಕ್ಷೇಮವೇ, ಒಮ್ಮೆ ಬಂದು ನೋಡಲೇ ಎಂದು. ಮೈ ಸರಿಯಿಲ್ಲ, ಗುಣವಾದ ಮೇಲೆ ತಿಳಿಸುತ್ತೇನೆ ಎಂದು ಉತ್ತರಿಸಿದೆ. ಸಭ್ಯ ಮನುಷ್ಯ, ತೊಂದರೆ ಕೊಡಲಿಲ್ಲ.

ಏಪ್ರಿಲ್ ಹದಿನೈದಕ್ಕೆ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಮೂಗಿಗೆ ಆಕ್ಸಿಜನ್ ಕೊಳವೆ, ಹಾಸಿಗೆಯಲ್ಲಿ ಒಂದು ಹಿಡಿ ಆಗಿದ್ದಳು. ಸೋಮವಾರ ಮಧ್ಯಾಹ್ನ ಹೋದಾಗ ಮತ್ತೆ ಅದೇ, ಬಂತೇ? ನನಗೆ ತಡೆಯಲಾಗಲಿಲ್ಲ. ಬಂತು, ಕ್ಷಮಿಸಿದ್ದೇನೆ ಎಂದು ಬರೆದಿದ್ದಾರೆ ಅಂದುಬಿಟ್ಟೆ. ಅವಳ ಕಣ್ಣು ಅರಳಿತು. ಓದು ಎಂದು ಕೈ ಚಾಚಿದಳು. ನನ್ನ ಕೈಯಲ್ಲಿ ಕಾಗದವೆಲ್ಲಿತ್ತು? ಮನೆಯಲ್ಲಿ ಮರೆತೆ, ನಾಳೆ ತರುತ್ತೇನೆ ಎಂದು ತೊದಲಿದೆ. ಮಕ್ಕಳ ಕಳ್ಳಲೆಕ್ಕ ಹಿಡಿಯುತ್ತಿದ್ದವಳು ನಾನು, ಅವಳು ನನ್ನನ್ನು ಹಿಡಿದ ಪರಿಯನ್ನು ಹೇಗೆ ಹೇಳಲಿ. "ನೀನು ಒಳ್ಳೆಯ ಹುಡುಗಿ" ಎಂದು ನನ್ನ ಕೈ ತಟ್ಟಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನನ್ನ ಸಮಾಧಾನಕ್ಕೆಂದು ಈ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ, ಅವನು ಬರೆದೇ ಇಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಮಂಗಳವಾರ ಬೆಳಗಿನ ಜಾವ ತೀರಿಕೊಂಡಳು.

ಸಾವಿನ ಸುದ್ದಿಯನ್ನು ಮಾತ್ರ ಆ ಗಳಿಗೆಯಲ್ಲೇ ಕಳಿಸಿದೆ. ಗುರುವಾರ ಬೆನ್ನೋ ಅವರು ಕ್ವೀನ್ಸ್‌ನಿಂದ ಬಂದರು. ಕುಳ್ಳಗೆ, ದಪ್ಪ ಕನ್ನಡಕ, ತಲೆಗೆ ಪುಟ್ಟ ಟೋಪಿ. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಕೆಳಗಿನ ಕೋಣೆಯಲ್ಲಿ ಕಾಫಿ ಕೊಟ್ಟರು. ಅಲ್ಲಿದ್ದ ಹದಿನೈದು ಇಪ್ಪತ್ತು ಮುದುಕರ ಮುಂದೆ ಅವರು ಎದ್ದು ನಿಂತು ರಿಕಜ್ಜಿಯ ಅಪ್ಪನನ್ನು ಹೊಗಳಿದರು. ಇಂಥ ಭಕ್ತರ ಮನೆಯಲ್ಲಿದ್ದೂ ನನ್ನ ತಾಯಿ ಎಚ್ಚರ ತಪ್ಪಿದಳು, ಸತ್ತವರಿಗೆ ವರ್ಷಕ್ಕೊಮ್ಮೆ ನಾವು ಹಚ್ಚುವ ದೀಪವನ್ನು ಆಕೆಗೆ ನಾನು ಒಮ್ಮೆಯೂ ಹಚ್ಚಿಲ್ಲ, ಕೈ ಬರುವುದಿಲ್ಲ ಅಂದರು. ಬದರಿ ನನ್ನ ಕಡೆ ನೋಡಲಿಲ್ಲ. ನೋಡುವುದೇ ಬೇಕಿರಲಿಲ್ಲ.

ಚೀಲದಿಂದ ರಿಕಜ್ಜಿಯ ಪತ್ರದ ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟೆ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಓದಿದರು. ಮುಗಿಸಿ ಕನ್ನಡಕ ತೆಗೆದರು. ನಾನು ಪಕ್ಕದಲ್ಲಿ ಅಪರಾಧಿಯಂತೆ ನಿಂತಿದ್ದೆ. ಇದನ್ನು ಬರೆಸಿದ್ದು ಯಾವಾಗ ಅಂತ ಕೇಳಿದರು. ಮಾರ್ಚ್ ಹನ್ನೊಂದು ಅಂದೆ. ಯಾಕೆ ಕಳಿಸಲಿಲ್ಲ ಎಂದು ಕೇಳಿದರು. ನಿಮಗೆ ನೋವಾಗುತ್ತದೆ ಅಂತ ಅಂದೆ. ಅಷ್ಟೂ ದಿನ ಅವಳು ಏನು ಮಾಡುತ್ತಿದ್ದಳು ಎಂದು ಕೇಳಿದರು. ದಿನಾ ಬಂತೇ ಅಂತ ಕೇಳುತ್ತಿದ್ದಳು, ನಾನು ಇಲ್ಲ ಅನ್ನುತ್ತಿದ್ದೆ ಎಂದು ಹೇಳಿದೆ. ಆಸ್ಪತ್ರೆಯದನ್ನೂ ಹೇಳಿದೆ.

"ಹದಿನೈದು ವರ್ಷದ ಹುಡುಗಿ" ಅಂದರು. "ಫ್ರಾಕು ಕೊಳೆಯಾಗಿತ್ತು. ಅವಳ ಮೇಲೆ ನಾನು ಯಾಕೆ ಸಿಟ್ಟು ಮಾಡಲಿ? ಇದು ಸಿಕ್ಕಿದ್ದರೆ ಅವತ್ತೇ ಬಂದುಬಿಡುತ್ತಿದ್ದೆ. ಒಂದೂಕಾಲು ಗಂಟೆಯ ದಾರಿ."

ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡುತ್ತಿದ್ದೆನೇನೋ. ಜೇಬಿನಿಂದ ಪೆನ್ನು ತೆಗೆದು ನನಗೆ ಕೊಟ್ಟರು, ಆ ಕಾಗದವನ್ನು ತಿರುಗಿಸಿ ಮೇಜಿನ ಮೇಲಿಟ್ಟು ಬರೆದುಕೊಳ್ಳಿ ಅಂದರು. ಮೇಡಂ ಆಗಿದ್ದವಳು ಶಾಲೆಯ ಹುಡುಗಿಯಂತೆ ಬರೆದುಕೊಂಡೆ. "ಪ್ರೀತಿಯ ರಿಕಾ, ನಿನ್ನ ಕಾಗದ ತಲುಪಿತು. ನನಗೆ ನನ್ನ ಅಮ್ಮನನ್ನು ವಾಪಸು ಕೊಟ್ಟೆ. ನಾಳೆ ಬರುತ್ತೇನೆ. ಬೆನ್ನೋ."

ಬರೆದು ಮುಗಿಸಿ ತಲೆಯೆತ್ತಿದೆ. ಅವರು ಟೋಪಿ ಸರಿಮಾಡಿಕೊಂಡು, ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತಿದ್ದರು.

"ಇದನ್ನು ಕಳಿಸಿಬಿಡಿ, ಮಿಸೆಸ್ ಬದರಿ" ಅಂದರು. "ಎಲ್ಲಿಗೆ ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬಹುದು."